ಶಿವಲಿಂಗಣ್ಣನ ಮಸಿಯ ಹದ

ಅಚ್ಚಾದ ಮೊದಲ ಹಾಳೆಯನ್ನು ಶಿವಲಿಂಗಣ್ಣ ಟ್ಯೂಬ್‌ಲೈಟಿನ ಕೆಳಗೆ ನೋಡಿದ್ದೇ ಇಲ್ಲ. ಅದನ್ನು ಹಿಡಿದು ಬೀದಿಗಿಳಿದು, ಒಂದು ಕಣ್ಣು ಮುಚ್ಚಿ ನಿಂತುಬಿಡುತ್ತಿದ್ದರು. ಕೊಬ್ಬರಿ ಚೀಲ ಹೇರಿಕೊಂಡು ಮಾರ್ಕೆಟ್ಟಿಗೆ ಹೊರಟ ಆಟೋಗಳು ಅವರನ್ನು ಬಳಸಿಕೊಂಡು ಹೋಗಬೇಕಿತ್ತು.

ತಿಪಟೂರಿನ ಆ ಪ್ರೆಸ್ಸಿನಲ್ಲಿ ನಾನು ಕಂಪ್ಯೂಟರಿನಲ್ಲಿ ಕಾರ್ಡು ಜೋಡಿಸುತ್ತಿದ್ದೆ, ಅವರು ಆಫ್‌ಸೆಟ್ ಮಿಷಿನ್ ಓಡಿಸುತ್ತಿದ್ದರು. ಫೋಟೊ ಮಂಕಾಯಿತು, ಇನ್ನಷ್ಟು ಇಂಕು ಹಾಕಿ ಎಂದು ಗಿರಾಕಿಗಳು ಗೋಗರೆದರೆ, "ಸುರುದ್ರೆ ಕಪ್ಪಾಯ್ತದೆ ಅಷ್ಟೇ ಕಣಪ್ಪ, ಮುಖ ಕಾಣಲ್ಲ," ಎನ್ನುತ್ತಿದ್ದರು. ಮಧ್ಯಾಹ್ನ ಮಗಳು ಕಾವ್ಯ ಊಟದ ಡಬ್ಬಿ ತರುತ್ತಿದ್ದಳು. ಅಪ್ಪನ ಹಾಗೇ ಎಣ್ಣೆಗಪ್ಪು; ನಗುವಾಗ ಎಡಗೆನ್ನೆಯಲ್ಲಿ ಸಣ್ಣ ಗುಳಿ. ಅವಳು ಬಂದರೆ ಮಿಷಿನ್ ನಿಲ್ಲುತ್ತಿತ್ತು.

ಹೋದ ಮಳೆಗಾಲ ಅವಳಿಗೆ ಡೆಂಗ್ಯೂ ಬಂತು. ಹಾಸನದ ಆಸ್ಪತ್ರೆಯಿಂದ ಜೀವಂತವಾಗಿ ಬರಲಿಲ್ಲ.

ಮಣ್ಣು ಮಾಡಿ ಬಂದ ಮರುದಿನವೇ ಶಿವಲಿಂಗಣ್ಣ ನನ್ನ ಮುಂದೆ ಅವಳ ಫೋಟೊ ಇಟ್ಟರು. ಅವಳ ತಿಥಿಗೆ ಕರೆಯುವ ಶಿವಗಣಾರಾಧನೆಯ ಕಾರ್ಡು ಅವರ ಕೈಯಿಂದಲೇ ಅಚ್ಚಾಗಬೇಕಂತೆ. "ಬೇರೇರ ಕೈಲಿ ಮಾಡ್ಸನ ಬುಡು ಶಿವಲಿಂಗಣ್ಣ," ಎಂದು ಮಾಲೀಕರು ಹೇಳಿದರೂ ಕೇಳಲಿಲ್ಲ. ಎಲ್ಲರಿಗೂ ಮಾಡುವಂತೆ ನಾನು ಮುಖವನ್ನು ತುಸು ಬೆಳ್ಳಗೆ ಮಾಡತೊಡಗಿದೆ.

"ಬ್ಯಾಡ ಕಣವ್ವ," ಎಂದು ಶಿವಲಿಂಗಣ್ಣ ತಡೆದರು. "ಇದ್ದಂಗೇ ಇರ್ಲಿ."

ಮೊದಲ ಹಾಳೆಯಲ್ಲಿ ಕೂದಲು, ಕಣ್ಣು, ಕೆನ್ನೆ ಎಲ್ಲ ಒಂದೇ ಕಪ್ಪಾಗಿ ಕೂಡಿಹೋಗಿದ್ದವು. ಆ ಕಾಗದ ಮಸಿಯನ್ನು ಹೀರಿಕೊಂಡು ಹರಡುತ್ತಿತ್ತು. ನುಣುಪು ಕಾಗದ ಹಾಕಿದರು. ಒತ್ತಡ ಇಳಿಸಿ, ಇಂಕು ಕಡಿಮೆ ಮಾಡಿದರು. ಈಗ ಮುಖ ಬೂದಿ ಬಳಿದಂತೆ ಕಂಡಿತು. "ಹಿಂಗಿರಲಿಲ್ಲ ಅವ್ಳು," ಎಂದು ಮತ್ತೆ ಇಂಕಿನ ತಿರುಪು ಸಡಿಲಿಸಿದರು. ಸಂಜೆಯ ಹೊತ್ತಿಗೆ ಆ ಗುಳಿ, ಅದರಂಚಿನ ಬೆಳಕು ಹಾಳೆಯ ಮೇಲೆ ಮೂಡಿದವು. ಬೆರಳಿನಿಂದ ಮುಟ್ಟಲು ಹೋದವರು, ಮಸಿ ಇನ್ನೂ ಹಸಿಯಿದೆಯೆಂದು ಕೈ ಹಿಂದಕ್ಕೆಳೆದುಕೊಂಡರು.

ಬೇಕಾದಷ್ಟು ಕಾರ್ಡು ಅಚ್ಚಾದ ಮೇಲೂ ಅವರು ಮಿಷಿನ್ ನಿಲ್ಲಿಸಲಿಲ್ಲ. ಕಾಗದ ಮುಗಿಯುವವರೆಗೂ ಓಡಿಸಿದರು.

ಆಮೇಲೆ ಅವರು ಕೆಲಸಕ್ಕೆ ಬರಲೇ ಇಲ್ಲ. ನಾನು ಅವರನ್ನು ಕೊನೆಯ ಸಲ ನೋಡಿದ್ದು ಯುಗಾದಿ ಕಳೆದ ಮೇಲೆ, ಬಿಳಿಗೆರೆಯ ಅವರ ತೋಟದಲ್ಲಿ. ಕಾಯಿ ಸುಲಿಯುತ್ತಿದ್ದರು.

"ವಾಪಸ್ ಬನ್ನಿ ಶಿವಲಿಂಗಣ್ಣ, ಎಲ್ಲಾರೂ ಕೇಳ್ತಾವ್ರೆ," ಎಂದೆ.

ಕೈಯಲ್ಲಿದ್ದ ಕಾಯಿ ಸುಲಿದು ಗುಡ್ಡೆಗೆ ಎಸೆದರು. "ಅಲ್ಲಿ ನಿಂತ್ರೆ ಹಾಳೆ ಮ್ಯಾಲೆ ಹಾಳೆ ಅವ್ಳೇ ಬೀಳ್ತಾಳೆ ಕಣವ್ವ. ನಿಲ್ಸಕ್ಕೆ ಕೈ ಬರಲ್ಲ."

ನಾನು ಮತ್ತೆ ಕರೆಯಲಿಲ್ಲ. ಎಳನೀರು ಕೆತ್ತಿ ಕೊಟ್ಟರು. ನಾನು ಕುಡಿದು ಮುಗಿಸುವವರೆಗೂ ನನ್ನ ಮುಖ ನೋಡದೆ, ಮರಗಳ ಕಡೆ ತಿರುಗಿ ನಿಂತಿದ್ದರು. ನನಗೂ ಕಾವ್ಯಳಿಗೂ ಒಂದೇ ವಯಸ್ಸು.