ಎಡಭುಜಕ್ಕೆ ಒಗ್ಗಿದ ಜೋಡುನಳಿಗೆ

ಅಪ್ಪನ ಬಂದೂಕಿನ ಲೈಸೆನ್ಸು ನನ್ನ ಹೆಸರಿಗೆ ಬಂದ ಮೇಲೆ ಬಂದೂಕನ್ನು ನೋಡಲು ನಗರಗೆರೆ ಹತ್ತಿರದ ನಮ್ಮೂರಿಗೆ ಹೋದೆ. ಅಪ್ಪನ ಕಣ್ಣು ಮಂಜಾಗಿತ್ತು. ತಮ್ಮನಿಗೆ ಬಂದೂಕಿನ ಉಸಾಬರಿ ಬೇಡವಾಗಿತ್ತು. ಕಾಡುಹಂದಿಗಳು ಮಾತ್ರ ಕಡಲೆಕಾಯಿ ಹೊಲವನ್ನು ಉತ್ತ ಹಾಗೆ ಮಾಡಿ ಹೋಗುತ್ತಿದ್ದವು. ಪಟಾಕಿ ಸದ್ದು ಅವಕ್ಕೆ ಅಭ್ಯಾಸವಾಗಿಬಿಟ್ಟಿತ್ತು. "ನೀನೇ ತಗೊಳ್ಳಮ್ಮ" ಅಂತ ಅಪ್ಪ ಹೇಳಿದ್ದ ದಿನ ಮನೆಯಲ್ಲಿ ಎಲ್ಲರೂ ನಕ್ಕಿದ್ದರು. ನಾನು ಚಿಂತಾಮಣಿಯ ಐಟಿಐ ಒಂದರಲ್ಲಿ ಫಿಟ್ಟರ್ ಕೆಲಸ ಕಲಿಸುವವಳು. ಕಬ್ಬಿಣ ಮುಟ್ಟಲು ನನಗೆ ಅಂಜಿಕೆ ಇಲ್ಲ.

ಅಟ್ಟದಿಂದ ಪೆಟ್ಟಿಗೆ ಇಳಿಸಿ ಬೀಗ ತೆಗೆದೆವು. ನಮ್ಮ ತಾತ ಕೊಂಡಿದ್ದ, ಹೊರದೇಶದಲ್ಲಿ ತಯಾರಾದ ಜೋಡುನಳಿಗೆ ಬಂದೂಕು ಅದು. ಸುತ್ತಿದ್ದ ಬಟ್ಟೆ ಬಿಚ್ಚಿ ಎತ್ತಿಕೊಂಡರೆ ಭುಜಕ್ಕಾನಿಸುವ ಮರದ ಬಟ್ಟು ನನ್ನ ಕೈಯಲ್ಲೇ ಪುಡಿಪುಡಿಯಾಗಿ ಉದುರಿತು. ಒಳಗೆಲ್ಲ ಗೆದ್ದಲು ತಿಂದು, ಮೇಲೆ ಪಾಲಿಶ್ ಮಾತ್ರ ಉಳಿದಿತ್ತು. ನಳಿಗೆಗಳ ಮೇಲೆ ತುಕ್ಕು ದಪ್ಪಗೆ ಕೂತಿತ್ತು.

ಅಪ್ಪ ಉದುರಿದ ಗೆದ್ದಲು ಮಣ್ಣನ್ನು ಬೆರಳಿನಿಂದ ಮುಟ್ಟಿ ನೋಡಿದರು, ಎದ್ದು ಜಗಲಿಗೆ ಹೋಗಿ ಕೂತರು.

"ಸ್ಟೇಷನ್ನಿಗೆ ಒಪ್ಪಿಸಿ ಲೈಸೆನ್ಸು ವಾಪಸ್ ಮಾಡಿಬಿಡಕ್ಕ," ಅಂದ ತಮ್ಮ. "ಇದಿನ್ನು ಬಂದೂಕಲ್ಲ, ಗುಜರಿ."

"ಒಪ್ಪಿಸೋದಿದ್ರೆ ರಿಪೇರಿ ಮಾಡಿಸಿ ನೋಡಿ ಒಪ್ಪಿಸ್ತೀನಿ ಬಿಡು," ಅಂದೆ. ಅಪ್ಪನ ಮುಖ ನೋಡಿದ ಮೇಲೆ ಬೇರೆ ಮಾತು ನನಗೆ ಬರಲಿಲ್ಲ.

ಚಿಕ್ಕಬಳ್ಳಾಪುರದಲ್ಲಿ ಬಂದೂಕು ರಿಪೇರಿಗೆ ಲೈಸೆನ್ಸ್ ಇರುವ ಸಾಹೇಬರೊಬ್ಬರಿದ್ದಾರೆಂದು ಯಾರೋ ಹೇಳಿದರು. ತರಕಾರಿ ಮಂಡಿಯ ಹಿಂದಿನ ಓಣಿಯಲ್ಲಿ ಅವರ ಅಂಗಡಿ. ಮಾತು ಕಡಿಮೆ, ಮುಖ ಸ್ವಲ್ಪ ಗಂಟು. ಬಂದೂಕನ್ನು ಬಿಡಿಸಿ, ನಳಿಗೆಗಳನ್ನು ದಾರಕ್ಕೆ ನೇತುಹಾಕಿ, ಬೆರಳ ಗೆಣ್ಣಿನಿಂದ ತಟ್ಟಿದರು. ಒಡೆದ ಮಡಕೆ ತಟ್ಟಿದ ಹಾಗೆ ಸದ್ದು ಬಂತು.

"ಕೇಳಿಸ್ತಾ ಮೇಡಂ? ಎರಡು ನಳಿಗೆ ಸೇರಿಸೋ ಬೆಸುಗೆ ಬಿಟ್ಟಿದೆ. ಚೆನ್ನಾಗಿದ್ರೆ ಗಂಟೆ ಥರ ಮೊಳಗ್ಬೇಕು. ಗೋಡೆಗೆ ಹಾಕಿ ನೋಡಿಕೊಂಡಿರಿ, ಚೆನ್ನಾಗಿರುತ್ತೆ."

"ಬೆಸುಗೆ ಮತ್ತೆ ಹಾಕಬಹುದಲ್ವಾ ಸಾಹೇಬ್ರೇ? ತುಕ್ಕಿನ ಕೆಳಗೆ ನಳಿಗೆ ದಪ್ಪ ಉಳಿದಿದ್ಯಾ ಇಲ್ವಾ, ಅಳತೆ ಮಾಡಿ ನೋಡೋಣ."

ಅವರು ನನ್ನನ್ನು ಮೊದಲ ಸಲ ಸರಿಯಾಗಿ ನೋಡಿದರು. ಏನು ಕೆಲಸ ಮಾಡ್ತೀರಿ ಅಂತ ಕೇಳಿದರು. ಹೇಳಿದೆ. ಅಳತೆಯ ಉಪಕರಣ ತೆಗೆದು ನನ್ನ ಕೈಗೇ ಕೊಟ್ಟರು. ಇಬ್ಬರೂ ಸೇರಿ ಉದ್ದಕ್ಕೂ ಅಳೆದೆವು. ತುಕ್ಕು ಆಳಕ್ಕೆ ಇಳಿದಿರಲಿಲ್ಲ. ಉಕ್ಕಿನ ಕೆಲಸವೆಲ್ಲ ತಾವು ಮಾಡುವುದಾಗಿ ಒಪ್ಪಿದರು. ಮರದ ಕೆಲಸಕ್ಕೆ ಮಾತ್ರ ಆಗಲ್ಲವೆಂದು ತಲೆಯಾಡಿಸಿದರು. ಅವರ ಭುಜದ ಕೀಲು ಹೋಗಿತ್ತು, ಗಂಟೆಗಟ್ಟಲೆ ಉಳಿ ಹಿಡಿಯಲು ಆಗುತ್ತಿರಲಿಲ್ಲ.

"ನಾನು ಕೆತ್ತುತೀನಿ," ಅಂದೆ. "ನಿಮ್ಮ ಅಂಗಡೀಲೇ, ನಿಮ್ಮ ಕಣ್ಣೆದುರಿಗೇ."

ಅಳತೆ ತೆಗೆಯಲೆಂದು ಅವರು ತಮ್ಮ ಅಂಗಡಿಯ ಖಾಲಿ ಬಂದೂಕೊಂದನ್ನು ಕೊಟ್ಟು ಗುರಿ ಹಿಡಿಯಲು ಹೇಳಿದರು. ನಾನು ಎಡಭುಜಕ್ಕೆ ಹಿಡಿದೆ.

"ಆ ಕಡೆ ಅಲ್ಲ ಮೇಡಂ."

"ನಾನು ಎಡಚಿ ಸಾಹೇಬ್ರೇ."

ಸಣ್ಣವಳಿದ್ದಾಗ ಎಡಗೈಯಲ್ಲಿ ಊಟಕ್ಕೆ ಕೂತರೆ ಸಾದಲಿಯ ಸೋದರತ್ತೆ ಸೌಟಿನಲ್ಲಿ ತಟ್ಟುತ್ತಿದ್ದರು. ಬರೆಯುವುದು ಬಲಗೈಗೆ ಬದಲಾಯಿತು. ಅರ ಹಿಡಿಯುವುದು, ಸುತ್ತಿಗೆ ಹಿಡಿಯುವುದು ಬದಲಾಗಲಿಲ್ಲ. ವರ್ಕ್‌ಶಾಪಿನಲ್ಲಿ ಎಲ್ಲ ಯಂತ್ರಗಳೂ ಬಲಗೈಯವರಿಗೇ ಇದ್ದದ್ದರಿಂದ ಅವಕ್ಕೆ ನಾನು ಹೊಂದಿಕೊಂಡಿದ್ದೆ. ಬಂದೂಕಿಗೂ ಹಾಗೇ ಹೊಂದಿಕೊಳ್ಳಬೇಕೇನೋ ಅಂದುಕೊಂಡೆ. ಸಾಹೇಬರು ಆ ಬಂದೂಕಿನ ಬಟ್ಟನ್ನು ಮೇಲಿನಿಂದ ತೋರಿಸಿದರು. ಅದು ನೆಟ್ಟಗಿರಲಿಲ್ಲ, ಕೂದಲೆಳೆಯಷ್ಟು ಬಲಕ್ಕೆ ವಾಲಿತ್ತು. ಬಲಭುಜದವರ ಕಣ್ಣು ನಳಿಗೆಯ ನೇರಕ್ಕೆ ಬರಲೆಂದು ಹಾಗೆ ಮಾಡುತ್ತಾರಂತೆ.

"ಹೊಸದಾಗಿ ಮಾಡೋದೇ ಆದ್ರೆ ಎಡಕ್ಕೆ ವಾಲಿಸಿ ಮಾಡಬಹುದಲ್ವಾ?"

ಅವರು ಗಡ್ಡ ಸವರಿಕೊಂಡರು. "ಮಾಡಬಹುದು. ನನ್ನನ್ನ ಯಾರೂ ಕೇಳಿರಲಿಲ್ಲ, ಅಷ್ಟೆ."

ಮರಕ್ಕಾಗಿ ಅದೇ ಸೋದರತ್ತೆಯ ಮನೆಗೆ ಹೋದೆ. ಅವರ ಹಳೆಯ ರೇಷ್ಮೆಹುಳು ಸಾಕುವ ಮನೆ ಕೆಡವಿ ಹೊಸದು ಕಟ್ಟಿಸಿದ್ದರು. ಬೀಟೆ ಮರದ ಕಂಬವೊಂದು ಹಿಪ್ಪುನೇರಳೆ ತೋಟದ ಪಕ್ಕದ ಶೆಡ್ಡಿನಲ್ಲಿ ಬಿದ್ದಿತ್ತು. "ಯಾತಕ್ಕೇ?" ಅಂದರು ಅತ್ತೆ. ಹೇಳಿದೆ.

"ತುಪಾಕಿಗಾ? ಅದೂ ಎಡಗೈಗಾ?" ಸ್ವಲ್ಪ ಹೊತ್ತು ನನ್ನ ಕೈಯನ್ನೇ ನೋಡಿದರು. "ತಗೊಂಡೋಗು. ನೀನು ಹೇಳಿದ ಮಾತು ಯಾವತ್ತು ಕೇಳಿದೀಯ." ಬೈದ ಹಾಗಿತ್ತು, ಆದರೆ ಕಂಬ ಎತ್ತಿಸಿ ಟೆಂಪೋಗೆ ಹಾಕಿಸಿದವರು ಅವರೇ. ಜೊತೆಗೆ ಒಂದು ಡಬ್ಬಿ ಹುರಿಟ್ಟು ಕೊಟ್ಟು ಕಳಿಸಿದರು.

ಭಾನುವಾರ ಬಂತೆಂದರೆ ಶಿಡ್ಲಘಟ್ಟದ ಮೇಲೆ ಹೋಗುವ ಬಸ್ಸು ಹಿಡಿದು ಚಿಕ್ಕಬಳ್ಳಾಪುರಕ್ಕೆ ಹೋಗುತ್ತಿದ್ದೆ. ಮೊದಲ ಬಟ್ಟು ಮುಗಿಯುವ ಹಂತಕ್ಕೆ ಬಂದಾಗ ಹಿಡಿಯುವ ಜಾಗದಲ್ಲೇ ಟಪ್ ಅಂತ ಸೀಳು ಬಿಟ್ಟಿತು. ನಾರು ಅಡ್ಡಕ್ಕೆ ಹರಿದಿದ್ದದ್ದನ್ನು ಇಬ್ಬರೂ ಗಮನಿಸಿರಲಿಲ್ಲ. ಸಾಹೇಬರು ಚಹಾ ತರಿಸಿದರು. "ಇವತ್ತು ಮನೆಗೆ ಹೋಗಿ" ಅಂದರು. ನಾನು ಚಹಾ ಕುಡಿದು, ಕಂಬದಲ್ಲಿ ಉಳಿದ ತುಂಡನ್ನು ತಿರುಗಿಸಿ ತಿರುಗಿಸಿ ನೋಡಿ, ನಾರು ಉದ್ದಕ್ಕೆ ಹೋಗುವ ಹಾಗೆ ಹೊಸ ಗೆರೆ ಎಳೆದು ಹೊರಟೆ.

ಎರಡನೆಯದು ನಿಧಾನದ ಕೆಲಸ. ಕಬ್ಬಿಣ ಕೂರುವ ಗೂಡನ್ನು ಮರದಲ್ಲಿ ಕೊರೆಯಬೇಕು, ಸಂದಿಯೇ ಇರಬಾರದು. ಸಾಹೇಬರು ಕಬ್ಬಿಣದ ಭಾಗವನ್ನು ಸೀಮೆಎಣ್ಣೆ ಬುಡ್ಡಿಯ ಹೊಗೆಗೆ ಹಿಡಿದು ಮಸಿ ಮಾಡಿ ಕೊಡುತ್ತಿದ್ದರು. ಅದನ್ನು ಮರಕ್ಕೆ ಒತ್ತಿ ತೆಗೆದರೆ ಎಲ್ಲೆಲ್ಲಿ ತಾಗುತ್ತದೋ ಅಲ್ಲಿ ಕಪ್ಪು. ಆ ಕಪ್ಪನ್ನಷ್ಟೇ ಹೆರೆಯಬೇಕು, ಮತ್ತೆ ಒತ್ತಬೇಕು. ವರ್ಕ್‌ಶಾಪಿನಲ್ಲಿ ನಾವು ನೀಲಿ ಬಣ್ಣ ಹಚ್ಚಿ ಮಾಡುವುದೂ ಇದನ್ನೇ. ಅದನ್ನು ಹೇಳಿದಾಗ ಸಾಹೇಬರು ನಕ್ಕಿದ್ದು ಮೊದಲ ಸಲ. ಒಂದು ಭಾನುವಾರ ಕಬ್ಬಿಣ ಮರದೊಳಗೆ ಕೂತದ್ದು ಮತ್ತೆ ಕೈಯೆಳೆತಕ್ಕೆ ಬರಲೇ ಇಲ್ಲ. ಗೂಡಿನ ಮೈಯೆಲ್ಲ ಒಂದೇ ಸಮ ಕಪ್ಪಾಗಿತ್ತು. ಅಗಸೆ ಎಣ್ಣೆ ತಿಕ್ಕಿದಾಗ ಬೀಟೆಯ ಕೆಂಪು ಮೇಲೆದ್ದು ಬಂತು.

ಅದೇ ಹೊತ್ತಿಗೆ ಅವರು ತುಕ್ಕು ತೆಗೆದು, ಬೆಸುಗೆ ಹಾಕಿ, ಮುರಿದಿದ್ದ ಸ್ಪ್ರಿಂಗೊಂದನ್ನು ಹೊಸದಾಗಿ ಮಾಡಿದ್ದರು. ನಳಿಗೆಗಳನ್ನು ಮತ್ತೆ ನೇತುಹಾಕಿ ನನಗೇ ತಟ್ಟಲು ಹೇಳಿದರು. ತಟ್ಟಿದೆ. ನಾದ ಎದ್ದು, ಓಣಿಯ ತುದಿವರೆಗೂ ಹೋಗುತ್ತೇನೋ ಅನ್ನುವಷ್ಟು ಹೊತ್ತು ನಿಂತಿತು. ಪಕ್ಕದ ಅಂಗಡಿಯವರು ಇಣುಕಿ ನೋಡಿದರು.

ಹಾರಿಸಿ ಪರೀಕ್ಷೆ ಮಾಡಲು ಸಾಹೇಬರಿಗೆ ಅನುಮತಿ ಇದ್ದ ಹಳೇ ಕಲ್ಲು ಕ್ವಾರಿಗೆ ಅಪ್ಪನನ್ನೂ ತಮ್ಮನನ್ನೂ ಕರೆದುಕೊಂಡು ಹೋದೆ. ಮೊದಲು ಸಾಹೇಬರು ಬಂದೂಕನ್ನು ಮರಳು ಮೂಟೆಗಳಿಗೆ ಕಟ್ಟಿ, ಟ್ರಿಗರ್‌ಗೆ ಹಗ್ಗ ಹಾಕಿ, ಬಂಡೆಯ ಮರೆಯಿಂದ ಎಳೆದರು. ಒಂದು ನಳಿಗೆ, ಆಮೇಲೆ ಇನ್ನೊಂದು. ಓಡಿಹೋಗಿ ಬಿಚ್ಚಿ ನೋಡಿ, ಎಲ್ಲೂ ಬಿರುಕಿಲ್ಲವೆಂದು ಕೈಯೆತ್ತಿ ತೋರಿಸಿದರು.

ಆಮೇಲೆ ನನ್ನ ಸರದಿ. ಎಡಭುಜಕ್ಕೆ ತಂದೆ. ಕೆನ್ನೆ ಮರಕ್ಕೆ ತಾನಾಗಿ ಕೂತಿತು. ಕಣ್ಣು ನಳಿಗೆಯ ನೇರಕ್ಕೇ ಇತ್ತು, ಕತ್ತು ತಿರುಚುವ ಅಗತ್ಯವೇ ಬರಲಿಲ್ಲ. ಎದುರಿನ ಮಣ್ಣಿನ ದಿಬ್ಬಕ್ಕೆ ಅಂಟಿಸಿದ್ದ ರಟ್ಟಿಗೆ ಗುರಿಯಿಟ್ಟು ಹಾರಿಸಿದೆ. ಭುಜಕ್ಕೆ ಒಂದು ಗುದ್ದು ಬಿತ್ತು, ಅಷ್ಟೆ. ರಟ್ಟಿನ ನಡುಮಧ್ಯ ಜರಡಿಯಾಗಿತ್ತು. ಇನ್ನೊಂದು ನಳಿಗೆಯದೂ ಅದೇ ಜಾಗಕ್ಕೆ ಬಿತ್ತು. ತಮ್ಮ ರಟ್ಟು ಕಿತ್ತು ತಂದು ಬಿಸಿಲಿಗೆ ಹಿಡಿದ. "ಗುಜರಿ ಅಂದಿದ್ದು ವಾಪಸ್ ತಗೊಂಡೆ ಕಣಕ್ಕ," ಅಂದ.

ಅಪ್ಪ ಕೈ ಚಾಚಿದರು. ಖಾಲಿ ಮಾಡಿ ಕೊಟ್ಟೆ. ಹಳೇ ಅಭ್ಯಾಸದಂತೆ ಬಲಭುಜಕ್ಕೆ ತಂದುಕೊಂಡರು. ಕೆನ್ನೆ ಕೂರಲಿಲ್ಲ. ಅತ್ತ ಇತ್ತ ಹೊಂದಿಸಿ ನೋಡಿದರು.

"ನನಗೆ ಇದು ಆಗಲ್ಲಮ್ಮ," ಅಂದರು. ಮುಖದ ತುಂಬ ನಗು. "ಇದು ನಿಂದೇ."

ಸಾಹೇಬರು ಆ ಬಟ್ಟಿನ ಅಳತೆಯ ರಟ್ಟೊಂದನ್ನು ಕತ್ತರಿಸಿ ತಮ್ಮ ಅಂಗಡಿಯಲ್ಲಿ ಇಟ್ಟುಕೊಂಡಿದ್ದಾರೆ, ಇನ್ನೊಬ್ಬರು ಎಡಗೈಯವರು ಬಂದರೆ ಬೇಕಾಗುತ್ತದೆ ಅಂತ.

ಕಡಲೆಕಾಯಿ ಬಲಿಯುವ ಹೊತ್ತಿಗೆ ರಜೆ ಹಾಕಿ ಊರಿಗೆ ಹೋದೆ. ಹೊತ್ತು ಮುಳುಗುವಾಗ ಗುಡ್ಡದ ಕಡೆಯಿಂದ ಹಂದಿಗಳ ಹಿಂಡು ಬದುವಿಗೆ ಬಂತು. ಆಕಾಶಕ್ಕೆ ಹಾರಿಸಿದೆ. ಪಟಾಕಿಗಿಂತ ಎಷ್ಟೋ ಜೋರಾದ ಸದ್ದು ಗುಡ್ಡಕ್ಕೆ ಬಡಿದು ವಾಪಸ್ ಬರುವಷ್ಟರಲ್ಲಿ ಅವು ಕಣ್ಣಿಗೆ ಕಾಣಲಿಲ್ಲ. ಅಕ್ಕಪಕ್ಕದ ಹೊಲದವರು ಎದ್ದು ನಿಂತು ನೋಡಿದರು. ಮಾರನೇ ದಿನ ಒಬ್ಬರಾದ ಮೇಲೆ ಒಬ್ಬರು ಬಂದು, ನಮ್ಮ ಕಡೆಗೂ ಒಂದು ಸಲ ಬಾರಮ್ಮ ಅಂದರು. ಸಂಜೆ ಸಂಜೆ ಎಲ್ಲರ ಬದುವಿನ ಮೇಲೂ ಓಡಾಡಿದೆ. ಆ ವರ್ಷದ ಕಡಲೆಕಾಯಿಯನ್ನು ಹಂದಿಗಳಲ್ಲ, ನಾವೇ ಕಿತ್ತೆವು.