ಪಾಳ್ಯದ ನೀರುಗಂಟಿ ಕೊಟ್ಟ ಹೇಳಿಕೆ

ಪಿಳ್ಳಪ್ಪ ನನ್ನ ಜೊತೆ ಆಡಿದ ಮೊದಲ ಮಾತು ಬೈಗುಳ. ೧೯೭೬ರ ಮಾರ್ಚ್ ತಿಂಗಳು. ಬಾಗಲಕೋಟೆ ಕಡೆಯಿಂದ ಬಂದು ಜಾಲಹಳ್ಳಿಯ ಕಾರ್ಖಾನೆಯೊಂದರ ಸ್ಟೋರ್ಸಿನಲ್ಲಿ ಗುಮಾಸ್ತನಾಗಿದ್ದೆ. ಬಾಡಿಗೆ ಕಡಿಮೆ ಅಂತ ಪಕ್ಕದ ಸಿಂಗಾಪುರ ಅನ್ನುವ ಹಳ್ಳಿಯಾಚೆಯ ಮಾರಗೊಂಡನಪಾಳ್ಯದಲ್ಲಿ ಒಂದು ಕೋಣೆ ಹಿಡಿದಿದ್ದೆ. ಬೇಸಗೆಯಲ್ಲಿ ಕೆರೆಯ ತುಂಬ ನೀರು ಕಂಡದ್ದು ನನ್ನ ಜನ್ಮದಲ್ಲಿ ಅದೇ ಮೊದಲು. ಭಾನುವಾರ ಬೆಳಿಗ್ಗೆ ಟವೆಲ್ ಸುತ್ತಿಕೊಂಡು ಇಳಿದವನು, ನಡುನೀರಿನಲ್ಲಿ ನಿಂತಿದ್ದ ಜಾಲಿಮರಗಳ ಕಡೆಗೆ ಈಜತೊಡಗಿದೆ. ಏರಿಯ ಮೇಲಿಂದ ಒಬ್ಬ ಕೂಗಿದ.

“ನಿನ್ ಮನೆ ಕಾಯ್ವಾಗ, ಬಾರಯ್ಯ ಈಚೆಗೆ! ಅಲ್ಲಿ ಮೊಟ್ಟೆ ಮ್ಯಾಗೆ ಕುಂತವ್ರೆ!”

ಕುಂತಿದ್ದವು ಕೊಕ್ಕರೆಗಳು. ಅವುಗಳಿಗೆ ಬಹುವಚನ, ನನಗೆ ಏಕವಚನ. ಆಮೇಲೆ ನಾನು ಕಾರ್ಖಾನೆಯವನು ಅಂತ ಗೊತ್ತಾಗಿ ‘ಸೋಮಿ’ ಅನ್ನತೊಡಗಿದ. ನನಗೇನೋ ಆ ಮೊದಲಿನ ಬೈಗುಳವೇ ಹೆಚ್ಚು ಹಿಡಿಸಿತ್ತು.

ಪಿಳ್ಳಪ್ಪ ಆ ಊರ ನೀರುಗಂಟಿ. ಕೆರೆಯ ತೂಬಿಗೆ ಮರದ ಬಿರಡೆಯೊಂದಿತ್ತು. ಅದನ್ನು ಎತ್ತಿ ಗದ್ದೆಗಳಿಗೆ ನೀರು ಬಿಡುವುದು, ಇಳಿಸಿ ನಿಲ್ಲಿಸುವುದು ಅವನ ಮನೆತನದ ಕೆಲಸ. ಪಟೇಲರ ಮನೆಯವರು ಕೂಡ ಅದನ್ನು ಮುಟ್ಟುವಂತಿರಲಿಲ್ಲ. ಸುಗ್ಗಿಯಲ್ಲಿ ಒಬ್ಬೊಬ್ಬ ರೈತ ಒಂದೊಂದು ಹೊರೆ ಭತ್ತ ಕೊಡುತ್ತಿದ್ದ, ಅದೇ ಅವನ ಸಂಬಳ. ನೀರು ಸಾಲದ ವರ್ಷ ಊರವರ ಬೈಗುಳವೂ ಅವನಿಗೇ ಮೀಸಲು.

ಕೊಕ್ಕರೆಗಳೂ ನೀರುಕಾಗೆಗಳೂ ಸಂಕ್ರಾಂತಿ ಕಳೆದ ಮೇಲೆ ಬಂದು ಆ ಜಾಲಿಮರಗಳಲ್ಲಿ ಗೂಡು ಕಟ್ಟುತ್ತಿದ್ದವು. ಮುಂಗಾರು ಹಿಡಿಯುವ ಹೊತ್ತಿಗೆ ಮರಿಗಳನ್ನು ಹಾರಿಸಿಕೊಂಡು ಹೋಗುತ್ತಿದ್ದವು. ಮರದ ಬುಡದಲ್ಲಿ ನೀರಿರುವ ತನಕ ನಾಯಿ ಹತ್ತಿರ ಸುಳಿಯದು, ಕವಣೆ ಹಿಡಿದವರೂ ಬರರು. ತೊಡಕೇನೆಂದರೆ ಬೇಸಗೆಯ ಭತ್ತಕ್ಕೆ ನೀರು ಬೇಕಾಗುತ್ತಿದ್ದದ್ದೂ ಅದೇ ತಿಂಗಳುಗಳಲ್ಲಿ. ಅವನ ಅಪ್ಪನ ಕಾಲದಲ್ಲಿ ತೂಬು ಎತ್ತಿದ ವರ್ಷವೆಲ್ಲ ಅರ್ಧ ಮರಿಗಳು ನಾಯಿಪಾಲಾಗುತ್ತಿದ್ದವಂತೆ.

ನಾನು ಬಂದ ಮರುವರ್ಷ ಪಿಳ್ಳಪ್ಪ ಒಂದು ಕೆಲಸ ಮಾಡಿದ. ಊರ ಹುಡುಗರು ಕಾರ್ಖಾನೆ ಸೇರಿಕೊಂಡು ಭತ್ತ ಬೆಳೆಯುವ ಮನೆಗಳು ಐದೋ ಆರೋ ಉಳಿದಿದ್ದವು. ಆ ಮನೆಗಳ ಬಾಗಿಲಿಗೆ ಹೋಗಿ, “ಬ್ಯಾಸ್ಗೆ ಭತ್ತ ಬಿಟ್ಬುಡಿ, ಮಳೆಗೆ ರಾಗಿ ಆಕ್ಕಳಿ, ಕೆರೆ ಇಂಗೇ ಇರ್ಲಿ” ಅಂತ ಕೈಮುಗಿದ. ಅವರಿಗೂ ಗದ್ದೆಯ ಕೆಸರು ಸಾಕಾಗಿತ್ತು, ಒಪ್ಪಿಕೊಂಡರು. ನೀರು ಬಿಡದ ನೀರುಗಂಟಿಗೆ ಹೊರೆ ಯಾರು ಕೊಡುತ್ತಾರೆ? ಅವನು ದ್ರಾಕ್ಷಿ ತೋಟಗಳಿಗೆ ಕೂಲಿಗೆ ಹೊರಟ. ಅವನ ಹೆಂಡತಿ ಸೊಣ್ಣಮ್ಮ ಸಿಕ್ಕವರ ಹತ್ತಿರವೆಲ್ಲ ಹೇಳಿಕೊಂಡು ಓಡಾಡಿದಳು.

“ಎಲ್ರ ಗಂಡಂದ್ರೂ ಎಂಡ್ರು ಮಕ್ಳ ಒಟ್ಟೆ ನೋಡ್ತಾರೆ. ನನ್ ಗಂಡ ಕೊಕ್ಕರೆ ಬಾಣಂತನ ನೋಡ್ತಾನೆ ಕಣಮ್ಮ.”

ಬೈಯುತ್ತಲೇ ಅವಳೂ ಮಧ್ಯಾಹ್ನ ಏರಿಯ ಮೇಲೆ ಕೋಲು ಹಿಡಿದು ಕೂರುತ್ತಿದ್ದಳು. ಹೀಗೆ ಆರು ಬೇಸಗೆ ಕಳೆದವು. ತೂಬಿನ ಬಿರಡೆ ಒಮ್ಮೆಯೂ ಏಳಲಿಲ್ಲ. ಕೊನೆಕೊನೆಗೆ ಮರದ ಎಲೆ ಕಾಣದಷ್ಟು ಗೂಡುಗಳು. ಪಾಳಿ ಮುಗಿಸಿ ಬಂದು ಅವನ ಪಕ್ಕ ಕೂತರೆ ಆ ಗಲಾಟೆಯಲ್ಲಿ ನಮ್ಮ ಮಾತು ನಮಗೇ ಕೇಳಿಸುತ್ತಿರಲಿಲ್ಲ. ನನ್ನ ಬದುಕಿನಲ್ಲಿ ನಾನು ಅಷ್ಟು ಸುಖವಾಗಿ ಕೂತದ್ದು ಬೇರೆಲ್ಲೂ ಇಲ್ಲ.

೧೯೮೩ರಲ್ಲಿ ನಮ್ಮ ಮನೆ ಮಾಲೀಕ ಲಕ್ಕಣ್ಣ ಏರಿಯ ಕೆಳಗಿನ ತನ್ನ ಗದ್ದೆಗಳನ್ನು ಗೃಹ ನಿರ್ಮಾಣ ಸಂಘವೊಂದಕ್ಕೆ ಮಾರಿದ. ಸಂಘಕ್ಕೆ ಕೆರೆಯ ಅಂಗಳವೂ ಬೇಕಾಯಿತು. ಕೆರೆ ಸರ್ಕಾರದ್ದು, ಸರ್ಕಾರ ಕೊಟ್ಟರೆ ಆಯಿತಲ್ಲ.

“ಈರಬಸಪ್ಪೋರೆ, ನೀವೂ ಒಂದು ಸೈಟ್ ಬರ್ಸಿ. ಇವತ್ತು ಕೆರೆ, ನಾಳಿಕ್ಕೆ ಮೇನ್ ರೋಡು ಕಣ್ರೀ” ಅಂತ ಲಕ್ಕಣ್ಣ ನಕ್ಕ.

ನನಗೆ ಮೈಯೆಲ್ಲ ಉರಿಯಿತು. ಅರ್ಜಿ ಬರೆಯುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಅನ್ನುವ ಸೊಕ್ಕು ಬೇರೆ. ಅಂದು ಸಂಜೆಯೇ ನಾಲ್ಕು ಪುಟ ಬರೆದೆ. ಕೆರೆಯಲ್ಲಿ ಸಾವಿರಾರು ಪಕ್ಷಿಗಳು ಸಂತಾನ ಬೆಳೆಸುತ್ತವೆ, ಆದಕಾರಣ ಕೆರೆಯನ್ನು ಕೆರೆಯಾಗಿಯೇ ಉಳಿಸಬೇಕು ಅಂತ. ಊರಿನ ಹದಿನೆಂಟು ಜನರಿಂದ ಸಹಿ, ಹೆಬ್ಬೆಟ್ಟು ಹಾಕಿಸಿ ಕಳಿಸಿದೆ.

ದೀಪಾವಳಿ ಕಳೆದ ಮೇಲೆ ಸ್ಥಳ ತನಿಖೆಗೆ ಒಬ್ಬ ಅಧಿಕಾರಿ ಬಂದರು. ಒಳ್ಳೆಯವರ ಹಾಗೇ ಕಂಡರು. ಸೊಣ್ಣಮ್ಮ ಕೊಟ್ಟ ಮಜ್ಜಿಗೆ ಕುಡಿದರು, ಏರಿಯ ಮೇಲೆ ಅರ್ಧ ದೂರ ನಡೆದರು. ಹಕ್ಕಿಗಳು ಬರಲು ಇನ್ನೂ ಎರಡು ತಿಂಗಳಿತ್ತು, ಮರಗಳು ಖಾಲಿ. ಆಮೇಲೆ ಕಾಗದ ತೆಗೆದು ಪಿಳ್ಳಪ್ಪನನ್ನು ಕೇಳಿದರು.

“ನೀರುಗಂಟಿ ನೀನೇ ಅಲ್ವೇನಪ್ಪ? ತೂಬು ಎತ್ತಿ ಎಷ್ಟು ದಿನ ಆಯ್ತು?”

ಪಿಳ್ಳಪ್ಪನ ಮುಖ ಅರಳಿತು. ಆರು ವರ್ಷದಲ್ಲಿ ಈ ಮಾತನ್ನು ಸರ್ಕಾರದವರೊಬ್ಬರು ಕೇಳಿದ್ದು ಅದೇ ಮೊದಲು.

“ಆರು ವರ್ಸ ಆಯ್ತು ಬುದ್ಧಿ. ಮುಟ್ಟಿಲ್ಲ. ಒಂದು ತೊಟ್ಟು ನೀರ ಗದ್ದೆಗೆ ಬಿಟ್ಟಿಲ್ಲ. ಬೇಕಿದ್ರೆ ಊರೋರ್ನೇ ಕೇಳಿ.”

ಊರವರೂ ಹೌದು ಹೌದು ಅಂದರು. ಅಧಿಕಾರಿ ಬರೆದುಕೊಂಡರು. ಓದು ಬಾರದ ಪಿಳ್ಳಪ್ಪ ಕಾಗದವನ್ನು ನನ್ನ ಕೈಗೆ ಕೊಡಿಸಿ ಓದಿಸಿದ. ನಾನು ಗಟ್ಟಿಯಾಗಿ ಓದಿದೆ. ‘ಸದರಿ ಕೆರೆಯಿಂದ ಕಳೆದ ಆರು ವರ್ಷಗಳಿಂದ ವ್ಯವಸಾಯಕ್ಕೆ ನೀರು ಬಿಟ್ಟಿರುವುದಿಲ್ಲ.’ ಕೊಕ್ಕರೆಯ ಮಾತು ಅದರಲ್ಲಿ ಎಲ್ಲೂ ಇರಲಿಲ್ಲ. ಅದು ಅರ್ಜಿಯಲ್ಲೇ ಇದೆಯಲ್ಲ ಅಂದುಕೊಂಡೆ.

“ಬರೋಬ್ಬರಿ ಐತ್ರಿ ಪಿಳ್ಳಪ್ಪ. ನೀವು ಹೇಳಿದ್ದನ್ನೇ ಬರದಾರ. ಒತ್ರಿ ಹೆಬ್ಬೆಟ್ಟು” ಅಂದೆ.

ಅವನು ಶಾಯಿಯಲ್ಲಿ ಹೆಬ್ಬೆರಳು ಅದ್ದಿ, ಅದರ ಒಂದು ಗೆರೆಯೂ ಕಲಸಿಹೋಗದ ಹಾಗೆ ನಿಧಾನವಾಗಿ ಒತ್ತಿದ. ಅಂದು ರಾಗಿಮುದ್ದೆಗೆ ಕೋಳಿಸಾರು ಮಾಡಿಸಿ, ಲಿಂಗಾಯತನಾದ ನನಗೆ ಅಂತ ಬೇರೆ ಗಡಿಗೆಯಲ್ಲಿ ಅವರೆಕಾಳು ಸಾರು ಮಾಡಿಸಿದ್ದ.

ಆದೇಶ ಬಂದದ್ದು ಯುಗಾದಿಯ ವಾರದಲ್ಲಿ. ಗೂಡುಗಳಲ್ಲಿ ಮರಿಗಳಿದ್ದವು, ಇನ್ನೂ ರೆಕ್ಕೆ ಬಲಿತಿರಲಿಲ್ಲ. ಅರ್ಜಿದಾರನಾದ ನನ್ನ ಹೆಸರಿಗೆ ಬಂದ ಪ್ರತಿಯನ್ನು ಊರ ಚಾವಡಿಯಲ್ಲಿ ನಿಂತು ಓದಿದೆ. ‘ನೀರುಗಂಟಿಯ ಸ್ವಂತ ಹೇಳಿಕೆಯಂತೆ ಸದರಿ ಕೆರೆಯು ಆರು ವರ್ಷಗಳಿಂದ ನೀರಾವರಿಗೆ ನಿರುಪಯುಕ್ತವಾಗಿದ್ದು, ಸಾರ್ವಜನಿಕ ವಸತಿ ಉದ್ದೇಶಕ್ಕೆ ನೀಡಬಹುದು.’ ನನ್ನ ಅರ್ಜಿಯ ನಾಲ್ಕು ಪುಟಕ್ಕೆ ಅದರಲ್ಲಿ ಒಂದೇ ಮಾತು: ಪರಿಶೀಲಿಸಲಾಗಿದೆ. ಹೇಳಿಕೆ ಓದಿ ಒಪ್ಪಿಸಿದವನು ನಾನು. ದಿನವಿಡೀ ಸ್ಟೋರ್ಸಿನಲ್ಲಿ ‘ಬಳಕೆಯಲ್ಲಿಲ್ಲ’ ಅಂತ ಬರೆದು ಸಾಮಾನುಗಳನ್ನು ಗುಜರಿಗೆ ಕಳಿಸುವ ಗುಮಾಸ್ತ ನಾನು. ನನಗೆ ಹೊಳೆಯಬೇಕಿತ್ತು.

ಪಿಳ್ಳಪ್ಪ ಪಕ್ಕಕ್ಕೆ ಬಂದು ನಿಂತ. “ಏನ್ ಬರ್ದವ್ರೆ ಸೋಮಿ?”

“ಮ್ಯಾಲಿನವರು ಕೆರಿ ಕೊಟ್ಟುಬಿಟ್ಟಾರ್ರಿ” ಅಂದೆ. ಯಾಕೆ ಅನ್ನುವುದನ್ನು ಬಚ್ಚಿಟ್ಟೆ. ಮತ್ತೊಂದು ಅರ್ಜಿ ಹಾಕಿದೆ, ಅದಕ್ಕೆ ಉತ್ತರವೇ ಬರಲಿಲ್ಲ.

ಎರಡೇ ದಿನಕ್ಕೆ ಸಂಘದ ಕಂಟ್ರಾಕ್ಟರ್ ಬುಲ್ಡೋಜರ್ ತಂದು ನಿಲ್ಲಿಸಿದ. ಏರಿ ಒಡೆದು ನೀರು ಬಿಡುವುದು ಅವನ ಲೆಕ್ಕಾಚಾರ. ಪಿಳ್ಳಪ್ಪ ಅವನೆದುರು ಹೋಗಿ ನಿಂತ.

“ಏರಿ ಒಡುದ್ರೆ ನಿಮ್ ಸೈಟ್ ಕಲ್ಲು ಗಿಲ್ಲು ಎಲ್ಲಾ ಕೊಚ್ಕೊಂಡೋಯ್ತವೆ. ತೂಬಲ್ಲಿ ಬಿಟ್ರೆ ಮೆತ್ತಗೋಯ್ತದೆ. ನಾನೇ ಎತ್ತಿಕೊಡ್ತೀನಿ.”

ಕಂಟ್ರಾಕ್ಟರ್ ಒಪ್ಪಿದ. ಊರವರು ಬಾಯಿಗೆ ಬಂದಂತೆ ಆಡಿದರು, ನೀರುಗಂಟಿ ದುಡ್ಡು ತಿಂದ ಅಂದರು. ನನಗೆ ಮಾತ್ರ ಅವನು ಗುಟ್ಟು ಹೇಳಿದ. ಏರಿ ಒಡೆದರೆ ಒಂದೇ ದಿನದಲ್ಲಿ ಕೆರೆ ಖಾಲಿ. ತೂಬನ್ನು ಅರೆಬರೆ ಎತ್ತಿದರೆ ಮೂವತ್ತು ದಿನ ಎಳೆಯಬಹುದು. ಅಷ್ಟರಲ್ಲಿ ಮೊದಲು ಹುಟ್ಟಿದ ಮರಿಗಳಾದರೂ ಹಾರುತ್ತವೆ.

ತೂಬು ಎತ್ತುವ ದಿನ ಗಂಗಮ್ಮನಿಗೆ ತೆಂಗಿನಕಾಯಿ ಒಡೆದು, ಅರಿಶಿನ ಕುಂಕುಮ ಇಟ್ಟು ನೀರಿಗಿಳಿಯುವುದು ಪದ್ಧತಿ. ಅಂದು ಸೊಣ್ಣಮ್ಮ ಕಾಯಿ ತಂದಳು. ಪಿಳ್ಳಪ್ಪ ಬೇಡ ಅಂದ. ಎದೆಮಟ್ಟದ ನೀರಿಗೆ ಇಳಿದು, ಏಳು ವರ್ಷ ಕೆಸರು ಕಟ್ಟಿದ್ದ ಬಿರಡೆಯನ್ನು ಅಲುಗಿಸಿ ಅಲುಗಿಸಿ ನಾಲ್ಕು ಬೆರಳಷ್ಟು ಎತ್ತಿ ನಿಲ್ಲಿಸಿದ. ಕಾಲುವೆಯಲ್ಲಿ ನೀರು ಹೊರಟಿತು. ಗದ್ದೆಗಳಿರಲಿಲ್ಲ, ಸೈಟಿನ ಕಲ್ಲುಗಳ ನಡುವೆ ಹರಿದುಹೋಯಿತು.

ಹನ್ನೊಂದನೆಯ ದಿನ ಕಂಟ್ರಾಕ್ಟರಿಗೆ ಅನುಮಾನ ಬಂತು. ಅವನ ಆಳೊಬ್ಬ ಇಳಿದು ಬಿರಡೆಯನ್ನು ಪೂರ್ತಿ ಕಿತ್ತು ದಡಕ್ಕೆ ಎಸೆದ. ಮತ್ತೈದು ದಿನಕ್ಕೆ ಮರಗಳ ಬುಡದಲ್ಲಿ ಕೆಸರು ಕಂಡಿತು. ಅದು ಒಣಗಿದ ಬೆಳಿಗ್ಗೆ ನಾಯಿಗಳು ಬಂದವು. ಹಿಂದೆಯೇ ಕೆಲಸದ ಆಳುಗಳು ಚೀಲ ಹಿಡಿದು ಬಂದರು. ಪಿಳ್ಳಪ್ಪ ಒಂದು ಕಡೆ, ಸೊಣ್ಣಮ್ಮ ಒಂದು ಕಡೆ, ರಜೆ ಹಾಕಿ ನಾನೊಂದು ಕಡೆ ಕೋಲು ಹಿಡಿದು ನಿಂತೆವು. ಮೂವರು ಎಷ್ಟು ಮರ ಕಾಯುವುದು? ಎರಡನೆಯ ದಿನ ದೊಡ್ಡ ಹಕ್ಕಿಗಳು ಎದ್ದುಹೋದವು. ತಾಯಿ ಬಾರದ ಗೂಡುಗಳ ಕೂಗು ಮತ್ತೆರಡು ದಿನ ಇತ್ತು, ಆಮೇಲೆ ನಿಂತಿತು. ಹಾರಿ ಬದುಕಿದವು ಹತ್ತೋ ಹನ್ನೆರಡೋ ಇರಬಹುದು. ಬಿದ್ದಿದ್ದವನ್ನು ಸೊಣ್ಣಮ್ಮ ಬಿದಿರ ಮಂಕರಿಯಲ್ಲಿ ಮನೆಗೆ ತಂದು ಮೀನು ತಿನ್ನಿಸಿದಳು. ವಾರದೊಳಗೆ ಅವೂ ಸತ್ತವು.

ಆಮೇಲೆ ಎರಡು ವರ್ಷ ಅವನು ಕೂಲಿಗೆ ಹೋದ, ಬಂದ. ಊರಿನಲ್ಲಿ ಅವನಿಗೆ ‘ಕೆರೆ ಕುಡಿದವನು’ ಅಂತ ಹೆಸರಾಯಿತು. ನಾನು ಬಾಯಿಬಿಟ್ಟು ನಿಜ ಹೇಳಿದ್ದರೆ ಆ ಹೆಸರಾದರೂ ತಪ್ಪುತ್ತಿತ್ತೇನೋ. ಆದರೆ ನಿಜ ಅದಕ್ಕಿಂತ ಕೆಟ್ಟದಾಗಿತ್ತು: ಕೆರೆ ಹೋದದ್ದು ಅವನದೇ ಹೇಳಿಕೆಯಿಂದ. ೧೯೮೬ರ ಶ್ರಾವಣದಲ್ಲಿ ಅವನು ಹಾಸಿಗೆ ಹಿಡಿದ. ಗೊರಗುಂಟೆಪಾಳ್ಯದಿಂದ ಡಾಕ್ಟರನ್ನು ಕರೆತಂದೆ, ಅವರು ತಲೆ ಅಲ್ಲಾಡಿಸಿ ಹೋದರು. ಮರುದಿನ ಹಣ್ಣು ಹಿಡಿದು ಹೋದಾಗ ಪಿಳ್ಳಪ್ಪ ಗೋಡೆಗೆ ಒರಗಿ ಕೂತಿದ್ದ.

“ಒಂದು ಸಮಾಧಾನ ಸೋಮಿ” ಅಂದ. “ನಮ್ ಕಡೆಯಿಂದ ಏನೂ ತಪ್ಪಾಗ್ಲಿಲ್ಲ. ಆರು ವರ್ಸ ತೂಬು ಮುಟ್ಟಿಲ್ಲ ಅಂತ ಸಾಪಾಗಿ ಏಳಿದ್ದೆ, ಸಾಪಾಗಿ ಬರ್ದಿದ್ರು. ಅದ ಮ್ಯಾಲಿನೋರು ಓದ್ಲಿಲ್ಲ, ಅಷ್ಟೇಯ. ಓದಿದ್ದಿದ್ರೆ ಬುಟ್ಬುಡ್ತಿದ್ರು. ಅಲ್ವಾ?”

ಅವನು ನನ್ನ ಮುಖವನ್ನೇ ನೋಡುತ್ತಿದ್ದ.

“ಹೂಂನ್ರಿ ಪಿಳ್ಳಪ್ಪ, ಅವರು ಓದೇ ಇಲ್ಲ” ಅಂದೆ.