ಕೊಳ್ಳುವವರ ಕಡೆಯ ರತ್ನಾಬಾಯಿ

ಚಿಂಚೋಳಿಯ ದನದ ಸಂತೆಯಲ್ಲಿ ಟವೆಲ್ ಹೊತ್ತ ಹೆಂಗಸು ಒಬ್ಬಳೇ, ರತ್ನಾಬಾಯಿ. ಗಂಡ ದೇವಿಂದ್ರಪ್ಪನನ್ನು ಮೊಣಕಾಲು ನೋವು ಹಾಸಿಗೆ ಹಿಡಿಸಿದ ಮೇಲೆ ಅವನ ಟವೆಲ್ಲನ್ನು ತನ್ನ ಹೆಗಲಿಗೆ ಹಾಕಿಕೊಂಡು ದಲ್ಲಾಳಿಯಾದವಳು. ಟವೆಲ್ಲಿನ ಮರೆಯಲ್ಲಿ ಬೆರಳು ಹಿಸುಕಿ ದರ ಹೇಳುವ ವಿದ್ಯೆ ಎಲ್ಲ ದಲ್ಲಾಳಿಗಳಿಗೂ ಬರುತ್ತದೆ. ಆದರೆ ಇವಳದೊಂದು ಹಟವಿತ್ತು: ದನ ಕೊಳ್ಳುವವರಿಂದ ಮಾತ್ರ ಕಮಿಷನ್, ಮಾರುವವನ ಕೈಯಿಂದ ಒಂದು ಕಪ್ ಚಹಾ ಕೂಡ ಇಲ್ಲ. ಉಳಿದ ದಲ್ಲಾಳಿಗಳು ಮಾರುವವನಿಂದಲೇ ತೆಗೆದುಕೊಳ್ಳುವವರು, ಕೊಳ್ಳುವವನಿಗೆ ಪುಕ್ಕಟೆ. ಜನ ಪುಕ್ಕಟೆಯ ಕಡೆಗೇ ನಡೆದರು.

ಅವರಲ್ಲಿ ದೊಡ್ಡವನು ಭೀಮಶಾ. “ಪುಕ್ಕಟ ಸಿಗೋದಕ್ಕ ರೊಕ್ಕ ಯಾಕ ಕೊಡ್ತೀರಿ? ಈ ಕಡಿ ಬರ್ರಿ!” ಎಂದು ಅವಳೆದುರಿಗೇ ಕೂಗುತ್ತಿದ್ದ.

ಬರಿಗೈಲಿ ಮರಳಿದ ಸಂತೆಗಳು ಒಂದರ ಹಿಂದೆ ಒಂದು ಕೂಡಿದವು. ಇವತ್ತೂ ಗಿರಾಕಿ ಸಿಗದಿದ್ದರೆ ಟವೆಲ್ಲನ್ನು ಗೂಟಕ್ಕೆ ಹಾಕಿಬಿಡುವುದು ಎಂದು ರತ್ನಾಬಾಯಿ ಅಂದು ಮುಂಜಾನೆ ಮನಸ್ಸು ಮಾಡಿದಳು. ಆ ಸಂಕಟವೆಲ್ಲ ಸೊಸೆಯ ಮೇಲೆ ಹೊರಳಿತು. ಸೊಸೆ ಭಾಗ್ಯಶ್ರೀ ಫೋನಿನಲ್ಲಿ ಏನಾದರೂ ಹುಡುಕುವುದಕ್ಕೂ ತಿಂಗಳು ತಿಂಗಳು ದುಡ್ಡು ಕಟ್ಟುತ್ತಾಳೆಂದು ಆಗಷ್ಟೇ ಗೊತ್ತಾಗಿತ್ತು.

“ಊರ ಮಂದಿ ಎಲ್ಲಾ ಸುಮ್ಮನ ಹುಡುಕ್ತಾರ. ಪುಕ್ಕಟ ಸಿಗೋದಕ್ಕ ನೀ ಯಾಕ ರೊಕ್ಕ ಕೊಡ್ತಿ?”

“ಅತ್ತಿ, ಇದು ಭೀಮಶಾ ಮಾಮಾನ ಮಾತಲ್ರಿ?” ಸೊಸೆ ರೊಟ್ಟಿ ಬಡಿಯುತ್ತಲೇ ನಕ್ಕಳು. “ಪುಕ್ಕಟದ್ರಾಗ ಅಂಗಡಿಯವ್ರು ರೊಕ್ಕ ಕೊಟ್ಟು ಮ್ಯಾಲ ಕುಂದರ್ತಾರ. ನಾ ಕೇಳಿದ್ದು ಕೆಳಗ ಬಿದ್ದಿರ್ತದ. ಇದಕ್ಕ ರೊಕ್ಕ ಕೊಡೋದು ನಾನು. ಅದಕ್ಕ ಒಂದೂ ಜಾಹೀರಾತು ಇರಂಗಿಲ್ಲ, ಇದು ನನ್ನ ಕಡಿನೇ ಮಾತಾಡ್ತದ.”

ರತ್ನಾಬಾಯಿಯ ಕೈಯ ತುತ್ತು ಬಾಯಿಯ ಹತ್ತಿರವೇ ನಿಂತಿತು.

“ಕೈ ತೊಳ್ಕೋ,” ಎಂದಳು. “ನಿನ್ನ ಫೋನ್ ತಗೊಂಡು ಸಂತಿಗಿ ಬಾ.”

ಸಂತೆಗೆ ವಾಡಿ ಊರಿನಿಂದ ದಾನಮ್ಮ ಎಂಬವಳು ಬಂದಿದ್ದಳು. ಮನೆಮನೆಗೆ ಹಾಲು ಹಾಕುವ ಧಂದೆ ಶುರು ಮಾಡಬೇಕು, ಕೊಳ್ಳುತ್ತಿರುವುದು ಮೊದಲ ಎಮ್ಮೆ. ಭೀಮಶಾ ಆಗಲೇ ಅವಳನ್ನು ಒಂದು ಎಮ್ಮೆಯ ಮುಂದೆ ನಿಲ್ಲಿಸಿಕೊಂಡಿದ್ದ. ಕೆಚ್ಚಲು ಒಡೆಯುವಂತೆ ಬಿಗಿದಿತ್ತು. ಹೊತ್ತಿಗೆ ಹಿಂಡದೆ ಹಾಲು ತುಂಬಿಸಿ ತಂದದ್ದೆಂದು ರತ್ನಾಬಾಯಿಗೆ ಅನುಮಾನ. ಆದರೆ ಬಾಯಿ ಬಿಟ್ಟರೆ ಗಿರಾಕಿ ಕಸಿಯಲು ಹೇಳಿದಳೆನ್ನುತ್ತಾರೆ.

“ತಂಗಿ, ನನ್ನ ಮಾತೂ ಬ್ಯಾಡ, ಇವನ ಮಾತೂ ಬ್ಯಾಡ,” ಎಂದಳು. “ಎಮ್ಮಿ ಹ್ಯಾಂಗ ನೋಡಿ ತಗೋಬೇಕಂತ ನಿನ್ನ ಫೋನಿಗೂ ಕೇಳು, ನನ್ನ ಸೊಸಿ ಫೋನಿಗೂ ಕೇಳು.”

ದಾನಮ್ಮ ಕೇಳಿದ್ದೇ ತಡ, ಅವಳ ಫೋನಿನಲ್ಲಿ ಮಾರುವವರೇ ಸಾಲುಗಟ್ಟಿದರು: ಮನೆಬಾಗಿಲಿಗೆ ಎಮ್ಮೆ, ಹಾಲು ಹೆಚ್ಚಿಸುವ ಪುಡಿ, ಇವತ್ತೇ ಬುಕ್ ಮಾಡಿ.

“ಇದ್ರಾಗೂ ಸಂತಿನೇ ನೆರದದಲ್ಲೋ!” ಎಂದು ಸುತ್ತ ನಿಂತವರು ನಕ್ಕರು.

ಭಾಗ್ಯಶ್ರೀಯ ಫೋನಿನಲ್ಲಿ ಮೊದಲಿಗೇ ದನದ ಡಾಕ್ಟರೊಬ್ಬರು ಬರೆದದ್ದು ಬಂತು. ಅವಳು ಗಟ್ಟಿಯಾಗಿ ಓದಿದಳು: “ಒಂದು ಹೊತ್ತಿನ ಹಾಲನ್ನು ನಂಬಬಾರದು. ಹಿಂದಿನ ಹೊತ್ತು ಹಿಂಡದೆ ಬಿಟ್ಟಿರಬಹುದು. ಮೂರು ಹೊತ್ತು ಎದುರಿಗೆ ಹಿಂಡಿಸಿ ಕೊಳ್ಳಿ.”

“ಕೆಳಗ ಸರಿಸಿದ್ರ ಪುಕ್ಕಟದ್ರಾಗೂ ಅದೇ ಬರ್ತದ,” ಎಂದ ಭೀಮಶಾ.

ದಾನಮ್ಮ ಸರಿಸಿದಳು, ಇನ್ನೂ ಸರಿಸಿದಳು. ಕಡೆಗೆ ಸಿಕ್ಕಿತು. “ಖರೇ ಅದ ಅಣ್ಣಾ. ಆದ್ರ ಇಷ್ಟು ಅಂಗಡಿ ದಾಟೋದ್ರಾಗ ನಾ ಎಮ್ಮಿ ತಗೊಂಡು ವಾಡಿ ಮುಟ್ಟಿರ್ತಿದ್ದೆ!” ಆಮೇಲೆ ಎಮ್ಮೆಯ ಮಾಲೀಕನ ಕಡೆ ತಿರುಗಿದಳು. “ನಾಳಿ ತನಕ ಇರ್ತೀನ್ರಿ. ಮೂರು ಹೊತ್ತು ನಾನೇ ಹಿಂಡಿ ನೋಡ್ತೀನಿ. ಆಗ್ತದ?”

ಮಾಲೀಕ ಭೀಮಶಾನ ಮುಖ ನೋಡಿದ. ಭೀಮಶಾ ಬೇವಿನ ಮರ ನೋಡಿದ. ಮಾಲೀಕ ಹಗ್ಗ ಬಿಚ್ಚಿ ಎಮ್ಮೆಯನ್ನು ಹೊಡೆದುಕೊಂಡು ಹೊರಟೇಬಿಟ್ಟ.

ಸಂತೆಗೆ ಸಂತೆಯೇ ಹೋ ಎಂದಿತು. ಆ ಗದ್ದಲದಲ್ಲೇ ದಾನಮ್ಮ ಬಂದು ರತ್ನಾಬಾಯಿಯ ಟವೆಲ್ಲಿನಡಿ ಕೈ ಇಟ್ಟಳು. “ಕಮಿಷನ್ ನಾ ಕೊಡ್ತೀನಿ ಅಕ್ಕಾ. ನನ್ನ ಕಡಿ ನೀ ಮಾತಾಡು.”

ಅವತ್ತೇ ಇಬ್ಬರೂ ಚಿಮ್ಮನಚೋಡಕ್ಕೆ ಹೋದರು. ಅಲ್ಲಿ ಒಂದು ಎಮ್ಮೆಯನ್ನು ದಾನಮ್ಮ ತಾನೇ ಮೂರು ಹೊತ್ತು ಹಿಂಡಿದಳು. ಪ್ರತಿ ಸಲವೂ ನೊರೆ ತಂಬಿಗೆಯ ಅಂಚಿಗೇ ಬಂತು. ದರಕ್ಕೆ ಮಾತ್ರ ರತ್ನಾಬಾಯಿ ಮಾಲೀಕನ ಬೆರಳು ಎಷ್ಟು ಹೊತ್ತು ಹಿಸುಕಿದಳೆಂದರೆ, “ಬಿಡವ್ವಾ ತಾಯಿ, ಉಣ್ಣಾಕ ಬೆರಳು ಬೇಕು,” ಎಂದು ಅವನೇ ದರ ಇಳಿಸಿದ.

ಎಮ್ಮೆ ಟೆಂಪೋ ಏರಿ ವಾಡಿಗೆ ಹೋಯಿತು. ಹಿಂದೆಯೇ ಮಾತೂ ಹೋಯಿತು. ಚಿತ್ತಾಪುರದಿಂದ, ಶಹಾಬಾದಿನಿಂದ ಬಂದವರು ಸಂತೆಯ ಬಾಗಿಲಲ್ಲೇ ಕೇಳತೊಡಗಿದರು, “ಕೊಳ್ಳಾವ್ರ ಕಡಿ ಬಾಯಿ ಯಾರ್ರಿ?”

ಒಂದು ಸಂತೆಯ ದಿನ ಭೀಮಶಾನೇ ಬಂದು ನಿಂತ. “ರತ್ನಕ್ಕಾ, ಸೇಡಂಗೆ ಕೊಟ್ಟ ಮಗಳಿಗಿ ಒಂದು ಎಮ್ಮಿ ಕೊಡಸಬೇಕಾಗ್ಯಾದ. ಕಮಿಷನ್ ಕೊಡ್ತೀನಿ.”

“ಯಾಕೋ, ನಿನ್ನ ಕೈಯಾಗ ಟವೆಲ್ ಇಲ್ಲೇನು?”

ಅವನು ದನಿ ತಗ್ಗಿಸಿದ. “ಮಾರಾವ್ರ ಎಲ್ಲಾರ ಕಡಿಂದ ಉಂಡೀನಿ ಯಕ್ಕಾ. ಅವರ ಮುಂದ ನನ್ನ ಬಾಯಿ ಏಳಂಗಿಲ್ಲ.”

ರತ್ನಾಬಾಯಿ ನಗಲಿಲ್ಲ. ಟವೆಲ್ ಕೊಡವಿ ತನ್ನ ಕೈಮೇಲೆ ಹಾಸಿದಳು.

“ಬಾ, ಕೈ ಇಡು. ಎಷ್ಟರ ತನಕ ಏರ್ತಿ ಹೇಳು.”